ಸೈಕಲ್ ಬಿಟ್ಟವರು ಕಾಲು ಸೋತು ಬಿಟ್ಟಿಲ್ಲ

ರೋಡ್ ಬೈಕ್, ಅಂದರೆ ಸಪೂರ ಟಯರಿನ ಹಗುರ ಸೈಕಲ್ಲು ಕೊಂಡು, ನಾಲ್ಕು ದಿನ ಉತ್ಸಾಹದಿಂದ ಓಡಿಸಿ, ಆಮೇಲೆ ಬಿಟ್ಟವರನ್ನು ಮೈಸೂರಿನಲ್ಲಿ ತುಂಬಾ ನೋಡಿದ್ದೇನೆ. ಯಾಕೆ ಬಿಟ್ಟಿರಿ ಅಂದರೆ ಮೊದಲು ಬರುವ ಉತ್ತರ "ಟೈಮೇ ಸಿಗಲ್ಲ". ಸ್ವಲ್ಪ ಹೊತ್ತು ಮಾತಾಡಿಸಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ. ಒಬ್ಬರ ಹಿಂದಿನ ಟಯರು ಮೇಲಿಂದ ಮೇಲೆ ಪಂಚರ್ ಆಗುತ್ತಿತ್ತು. ಇನ್ನೊಬ್ಬರಿಗೆ ಮಂಡಿ ನೋವು. ಮತ್ತೊಬ್ಬರ ಗೇರು ಬೇಕಾದಾಗ ಬೀಳುತ್ತಿರಲಿಲ್ಲ, ಬೇಡದಾಗ ಬೀಳುತ್ತಿತ್ತು. ಕಾಲಲ್ಲಿ ಶಕ್ತಿ ಸಾಲದೆ ಬಿಟ್ಟವರು ಕಡಿಮೆ. ಹತ್ತು ನಿಮಿಷದಲ್ಲಿ ಸರಿಹೋಗುವ ತೊಂದರೆಗೆ ಬೇಸತ್ತು ಬಿಟ್ಟವರೇ ಜಾಸ್ತಿ. ಅಷ್ಟು ಆಸೆಪಟ್ಟು ತಂದ ಸೈಕಲ್ಲು ಬೇಸ್‌ಮೆಂಟಿನಲ್ಲಿ ಗಾಳಿ ಇಳಿದು ನಿಂತಿರುವುದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮೆಕ್ಯಾನಿಕ್ ಅಲ್ಲ, ರೇಸಿಗೆ ಹೋದವಳೂ ಅಲ್ಲ. 2017ರಲ್ಲಿ ನಮ್ಮೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲು ಬಂತಲ್ಲ, ಕಾಲೇಜು ಬಿಟ್ಟ ಮೇಲೆ ನಾನು ಮತ್ತೆ ಸೈಕಲ್ ಹತ್ತಿದ್ದು ಅದರಿಂದಲೇ. ರೋಡ್ ಬೈಕ್ ಬಂದದ್ದು ಆಮೇಲೆ. ಈಗ ನಮ್ಮದೊಂದು ಸಣ್ಣ ಗುಂಪು ಇದೆ. ಎಲ್ಲರೂ ಹೊಸಬರು, ಇಲ್ಲವೇ ಸ್ವಲ್ಪ ಹಿಂದಿನ ತನಕ ಹೊಸಬರಾಗಿದ್ದವರು. ಭಾನುವಾರ ಬೆಳಗ್ಗೆ ಸವಾರಿ, ಆಮೇಲೆ ಇಡ್ಲಿ, ಕಾಫಿ. ಈ ವಾರ ಏನು ಸಾಧಿಸಿದಿರಿ, ಸೈಕಲ್ಲು ಏನು ತಕರಾರು ಮಾಡಿತು, ಎರಡನ್ನೂ ಹೇಳಲೇಬೇಕು.

ಮೊದಲು ಪಂಚರಿನ ವಿಷಯ. ಪದೇ ಪದೇ ಪಂಚರ್ ಆಗುತ್ತಿದೆ ಅಂದರೆ ಜನ ಟ್ಯೂಬನ್ನು ಬೈಯುತ್ತಾರೆ, ಹೊಸ ಟ್ಯೂಬು ಹಾಕುತ್ತಾರೆ, ಮಾರನೇ ದಿನ ಮತ್ತೆ ಗಾಳಿ ಇಳಿದಿರುತ್ತದೆ. ಕಾರಣ ಟಯರಿನೊಳಗೇ ಕೂತಿರುತ್ತದೆ. ನಮ್ಮ ರಿಂಗ್ ರೋಡಿನ ಅಂಚಿನಲ್ಲಿ ಲಾರಿ ಟಯರು ಸಿಡಿದು ಬಿದ್ದ ಚೂರುಗಳಿರುತ್ತವೆ. ಅದರಿಂದ ಬಿಡಿಸಿಕೊಂಡ ಕೂದಲೆಳೆಯಂಥ ತಂತಿ ನಮ್ಮ ಟಯರಿಗೆ ಚುಚ್ಚಿಕೊಂಡರೆ ಹೊರಗಿನಿಂದ ಕಾಣುವುದೇ ಇಲ್ಲ. ಅದಕ್ಕೇ ಟಯರು ಹಾಕುವಾಗ ಅದರ ಮೇಲಿನ ಹೆಸರು ಸರಿಯಾಗಿ ವಾಲ್ವ್ ಪಕ್ಕ ಬರುವ ಹಾಗೆ ಕೂರಿಸಿ. ಟ್ಯೂಬು ಬಿಚ್ಚುವಾಗಲೂ ಯಾವ ಬದಿ ಯಾವ ಕಡೆಗಿತ್ತು ಅಂತ ನೆನಪಿಟ್ಟುಕೊಳ್ಳಿ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರ ಇದೆ ನೋಡಿ. ಟಯರಿನಲ್ಲೂ ಅಷ್ಟೇ ದೂರದಲ್ಲಿ ಕಳ್ಳ ಸಿಗುತ್ತಾನೆ. ಬೆರಳು ಆಡಿಸುವ ಬದಲು ಒಂದು ಚೂರು ಹತ್ತಿಯನ್ನು ಒಳಗೆ ಸವರಿ. ತಂತಿ ಇದ್ದ ಕಡೆ ಹತ್ತಿಯ ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. ಉಗುರು ಕತ್ತರಿಯಿಂದ ಹಿಡಿದು ಎಳೆದರೆ ಮುಗಿಯಿತು.

ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಅದು ಮುಳ್ಳಿನ ಕೆಲಸ ಅಲ್ಲ. ಗಾಳಿ ಕಡಿಮೆ ಇತ್ತು, ಗುಂಡಿಗೆ ಇಳಿಸಿದ್ದೀರಿ, ರಿಮ್ಮು ಟ್ಯೂಬನ್ನು ಅಪ್ಪಚ್ಚಿ ಮಾಡಿದೆ. ಹಾಗಂತ ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. 28 ಎಂಎಂ ಟಯರಿಗೆ, 60 ಕೆಜಿ ಆಸುಪಾಸಿನವರಿಗೆ, ನಮ್ಮ ರಸ್ತೆಗಳಲ್ಲಿ 70 ಪಿಎಸ್‌ಐ ಸುತ್ತಮುತ್ತ ಇಟ್ಟು ನೋಡಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಏರಿಸಿ. ಮನೆಯಲ್ಲಿ ಮೀಟರ್ ಇರುವ ನಿಲ್ಲಿಸಿ ಹೊಡೆಯುವ ಪಂಪು ಇರಲೇಬೇಕು, ಯಾಕೆಂದರೆ ಈ ಸಪೂರ ಟಯರುಗಳು ಸುಮ್ನೆ ನಿಂತಿದ್ದರೂ ವಾರದಲ್ಲಿ ಗಾಳಿ ಕಳೆದುಕೊಳ್ಳುತ್ತವೆ. ಪಂಚರ್ ಅಂಗಡಿಯ ಕಂಪ್ರೆಸರ್ ನಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಒಂದು ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಬೆರಳ ತುದಿಯಷ್ಟು ದೊಡ್ಡದು. ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಟ್ಟುಕೊಳ್ಳಿ. ನಂಜನಗೂಡಿನ ದಾರಿಯಲ್ಲಿ ಕೈಪಂಪು ಕೈಕೊಟ್ಟ ದಿನ ಅದೇ ನಮ್ಮನ್ನು ಮನೆ ಸೇರಿಸಿತು.

ಗೇರಿನದು ಇನ್ನೂ ಸುಲಭ. ಹೊಸ ಸೈಕಲ್ಲು ತಂದ ಕೆಲವು ವಾರಗಳಲ್ಲಿ ಕೇಬಲ್ಲು ಸ್ವಲ್ಪ ಸಡಿಲ ಆಗುವುದು ಸಹಜ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಸೈಕಲ್ಲೇ ಕೆಟ್ಟದ್ದು ಅಂದುಕೊಳ್ಳುತ್ತಾರೆ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿಗೆ ಕೇಬಲ್ಲು ಸೇರುವ ಕಡೆ ಬೆರಳಲ್ಲಿ ತಿರುಗಿಸುವ ಒಂದು ತಿರುಪು ಇರುತ್ತದೆ. ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡ ಮಾಡಿದರೆ ಹಿಂದೆ ನಿಂತುಕೊಂಡು ಅದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಚಿಕ್ಕದಕ್ಕೆ ಇಳಿಯಲು ತಡವಾದರೆ ಬಲಕ್ಕೆ. ಕಾಲು ಸುತ್ತು, ಮತ್ತೆ ಪೆಡಲ್ ತುಳಿದು ನೋಡುವುದು, ಮತ್ತೆ ಕಾಲು ಸುತ್ತು. ಪಕ್ಕದಲ್ಲೇ ಎಚ್, ಎಲ್ ಅಂತ ಬರೆದ ಎರಡು ಸ್ಕ್ರೂ ಇರುತ್ತವೆ. ಇದಕ್ಕಾಗಿ ಅವನ್ನು ಮುಟ್ಟಬೇಡಿ. ಅವು ಚೈನು ಎರಡು ತುದಿ ದಾಟಿ ಬೀಳದಂತೆ ತಡೆಯುವುದಕ್ಕೆ ಇರುವುದು.

ಈಗ ನಮ್ಮ ಗುಂಪಿನ ಡೆಂಟಿಸ್ಟ್ ಮೇಡಂ ಕಥೆ ಹೇಳಬೇಕು. ಅವರ ಸೈಕಲ್ಲು ಚಾಮುಂಡಿ ಬೆಟ್ಟ ಹತ್ತುವಾಗ "ಕಟಕ್, ಕಟಕ್" ಅನ್ನುತ್ತಿತ್ತು. ಸಪಾಟು ರಸ್ತೆಯಲ್ಲಿ ಸದ್ದೇ ಇಲ್ಲ. ಒಂದು ಅಂಗಡಿಯಲ್ಲಿ ನೋಡಿ ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ಲಿನ ತೋಳುಗಳು ತಿರುಗುವ ನಡುವಿನ ಬೇರಿಂಗು, ಬದಲಿಸಬೇಕು ಅಂದಿದ್ದರಂತೆ. ಮೇಡಂಗೆ ಖರ್ಚಿಗಿಂತ ಭಯವೇ ಜಾಸ್ತಿ ಆಗಿತ್ತು. "ಅಕ್ಕಾ, ಇಳಿಯುವಾಗ ಏನಾದರೂ ಮುರಿದರೆ?" ಅಂತ ಕೇಳುತ್ತಿದ್ದರು. ಬೆಟ್ಟಕ್ಕೆ ಬರುವುದನ್ನೇ ಬಿಟ್ಟಿದ್ದರು.

ಒಂದು ಭಾನುವಾರ ಲಲಿತಮಹಲ್ ಕಡೆಯ ಏರಿನಲ್ಲಿ ಎಲ್ಲರೂ ಸೇರಿ ಆ ಸದ್ದಿನ ಬೆನ್ನು ಹತ್ತಿದೆವು. ಪೆಡಲ್ ತುಳಿಯದೆ ಸುಮ್ನೆ ಉರುಳಿಸಿದರೆ ಬರುತ್ತದಾ? ಇಲ್ಲ. ಹಾಗಾದರೆ ಚಕ್ರದ್ದಲ್ಲ. ಸೀಟಿನಿಂದ ಎದ್ದು ನಿಂತು ತುಳಿದರೆ? ಆಗಲೂ ಬರುತ್ತದೆ. ಹಾಗಾದರೆ ಸೀಟು, ಸೀಟ್ ಪೋಸ್ಟ್ ಎರಡೂ ಅಲ್ಲ. ಗೇರು ಬದಲಿಸಿದರೆ ಸದ್ದಿನ ಲೆಕ್ಕ ಬದಲಾಗುತ್ತದಾ? ಇಲ್ಲ, ಯಾವ ಗೇರಾದರೂ ಕಾಲು ಒಂದು ಸುತ್ತು ಬಂದರೆ ಒಂದೇ ಸಲ, ಅದೂ ಬಲಗಾಲು ಕೆಳಗೆ ಒತ್ತುವಾಗ. ಅಲ್ಲಿಗೆ ಉಳಿದದ್ದು ಪೆಡಲ್ಲು, ಅದನ್ನು ಹಿಡಿದಿರುವ ತೋಳು ಅಂದರೆ ಕ್ರ್ಯಾಂಕು, ಬಾಟಮ್ ಬ್ರಾಕೆಟ್. ಇದರಲ್ಲಿ ಬಿಚ್ಚಲು ಸುಲಭ ಯಾವುದು? ಪೆಡಲ್ಲು. ನನ್ನ ಸೈಕಲ್ಲಿನ ಪೆಡಲ್ಲುಗಳನ್ನು ಅವರದಕ್ಕೆ ಹಾಕಿ ಮತ್ತೆ ಅದೇ ಏರು ಹತ್ತಿಸಿದೆವು. ಸದ್ದು ಇಲ್ಲ! ಅವರ ಬಲ ಪೆಡಲ್ಲಿನ ಮರೆಯಲ್ಲಿ, ಅಂದರೆ ತಿರುಪಿನ ಸುತ್ತುಗೆರೆಗಳಲ್ಲಿ, ಗ್ರೀಸಿನ ಪಸೆಯೂ ಇರಲಿಲ್ಲ, ಮರಳಿನ ಕಣ ಮೆತ್ತಿಕೊಂಡಿತ್ತು. ಬಟ್ಟೆಯಲ್ಲಿ ಒರೆಸಿ, ಗ್ರೀಸ್ ಹಚ್ಚಿ, ಬಿಗಿಯಾಗಿ ಕೂರಿಸಿದೆವು. ಎಡ ಪೆಡಲ್ಲಿನ ಮರೆ ಉಲ್ಟಾ ಇರುತ್ತದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲವಾಗಿ ತಿರುಗಿಸಿ ಕ್ರ್ಯಾಂಕಿನ ಮರೆಯನ್ನೇ ಹಾಳು ಮಾಡಿಕೊಂಡವರಿದ್ದಾರೆ.

ಆವತ್ತು ಮೇಡಂ ಮೇಲಿನ ತನಕ ಹತ್ತಿದರು. ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್, ಊರು 770ರ ಆಸುಪಾಸು. ಅಷ್ಟನ್ನು ಕಾಲಲ್ಲಿ ಗೆಲ್ಲುವುದು ಸಣ್ಣ ಮಾತಲ್ಲ. ವ್ಯೂ ಪಾಯಿಂಟ್ ದಾಟುವಾಗ ಅವರು "ಕೇಳಿಸ್ತಾ ಅಕ್ಕಾ, ಏನೂ ಕೇಳಿಸ್ತಿಲ್ಲ ಅಲ್ವಾ?" ಅಂತ ಕೂಗಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಮಂಡಿ ನೋವಿನ ಬಗ್ಗೆ ಎರಡೇ ಮಾತು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಮೊದಲು ಸೀಟಿನ ಎತ್ತರ ನೋಡಿ, ಬಹಳ ಸಲ ಅದು ತಗ್ಗಾಗಿರುತ್ತದೆ. ಹಿಮ್ಮಡಿಯನ್ನು ಪೆಡಲ್ಲಿನ ಮೇಲಿಟ್ಟಾಗ, ಪೆಡಲ್ಲು ಪೂರ್ತಿ ಕೆಳಗಿದ್ದಾಗ, ಕಾಲು ನೆಟ್ಟಗಾಗಬೇಕು. ಅಲ್ಲಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬದಲಿಸಿ. ನೋವು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ, ಸೈಕಲ್ ಗೆಳೆಯರ ಹತ್ತಿರ ಅಲ್ಲ.

ಚೈನು ಸವೆದಿದೆಯೋ ಇಲ್ಲವೋ ನೋಡಲು ಮಕ್ಕಳ ಸ್ಕೇಲು ಸಾಕು. ಹೊಸ ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಒಂದು ಪಿನ್ನಿನ ಮೇಲೆ ಸೊನ್ನೆ ಇಟ್ಟರೆ 24 ಪಿನ್ನು ದಾಟಿದ ಮೇಲೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ 16ನೇ ಒಂದು ಭಾಗ ಮುಂದೆ ಹೋಗಿದ್ದರೆ ಹೊಸ ಚೈನು ಹಾಕಿ. ಎಂಟನೇ ಒಂದು ಭಾಗದ ತನಕ ಬಿಟ್ಟರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಖರ್ಚು ಎರಡಾಗುತ್ತದೆ.

ಇನ್ನು ಪ್ರಗತಿ ಹೇಳಿಕೊಳ್ಳುವ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಹೊಸಬರು ಸರಾಸರಿ ವೇಗವನ್ನು ಮಾತ್ರ ಹೇಳಿಕೊಳ್ಳಬಾರದು. ಸಿಗ್ನಲ್ಲು, ಎದುರು ಗಾಳಿ, ರಸ್ತೆಗೆ ಅಡ್ಡ ಬಂದ ಹಸು, ಎಲ್ಲವೂ ಅದನ್ನು ಬದಲಿಸುತ್ತವೆ. ಆಷಾಢದ ಗಾಳಿಗೆ ಎದುರಾಗಿ 20ರಲ್ಲಿ ಹೋದವರು ಕಾರ್ತಿಕದಲ್ಲಿ 25ರಲ್ಲಿ ಹೋದವರಿಗಿಂತ ಕಡಿಮೆ ದುಡಿದಿರುವುದಿಲ್ಲ. ಅಂದ ಹಾಗೆ, ಆಷಾಢ ಶುಕ್ರವಾರ ಬೆಟ್ಟದ ಕಡೆ ಹೋಗಬೇಡಿ, ಆ ದಿನ ರಸ್ತೆ ತಾಯಿಯ ಭಕ್ತರದ್ದು. ನಮ್ಮ ಗುಂಪಿನಲ್ಲಿ ಚಪ್ಪಾಳೆ ಬೀಳುವುದು ಬೇರೆ ಸಂಗತಿಗಳಿಗೆ. ಓಡಿಸುತ್ತಲೇ ಬಾಟಲಿ ತೆಗೆದು ನೀರು ಕುಡಿದು ಮತ್ತೆ ಅದೇ ಜಾಗಕ್ಕೆ ಇಟ್ಟವರಿಗೆ. ಬಲಕ್ಕೆ ಕತ್ತು ತಿರುಗಿಸಿ ಹಿಂದೆ ಬಸ್ ಬರುತ್ತಿದೆಯಾ ನೋಡುವಾಗ ಸೈಕಲ್ಲು ವಾಲದಂತೆ ಹಿಡಿದವರಿಗೆ. ಒಬ್ಬರೇ ರಸ್ತೆ ಬದಿಯಲ್ಲಿ ಕೂತು ಟ್ಯೂಬು ಬದಲಿಸಿ ಮನೆಗೆ ಬಂದವರಿಗಂತೂ ಆ ದಿನದ ಕಾಫಿ ನಮ್ಮ ಲೆಕ್ಕದಲ್ಲಿ.

ಈಗ ನಮ್ಮ ಮುಂದಿರುವ ಕೇಸು ಒಬ್ಬ ಇಂಜಿನಿಯರಿಂಗ್ ಹುಡುಗನದ್ದು. ಅವನಿಗೆ 200 ಕಿಲೋಮೀಟರ್ ಬಿಆರ್‌ಎಂ (ಗಡುವಿನೊಳಗೆ ಮುಗಿಸಬೇಕಾದ, ಆದರೆ ರೇಸ್ ಅಲ್ಲದ ದೂರದ ಸವಾರಿ) ಮಾಡುವ ಆಸೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಕಾಲು, ಉಸಿರು ಎರಡೂ ಸಿದ್ಧ ಇವೆ. ಆದರೆ ಎರಡು ಗಂಟೆ ಕಳೆದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಸೀಟಿನ ಮೂತಿ ಕೆಳಗೆ ಬಾಗಿತ್ತು, ಮೈಭಾರ ಎಲ್ಲಾ ಕೈಗೆ ಬರುತ್ತಿತ್ತು. ಅದನ್ನು ಮಟ್ಟ ಮಾಡಿದ ಮೇಲೆ ಅರ್ಧ ಕಡಿಮೆಯಾಗಿದೆ. ಉಳಿದದ್ದಕ್ಕೆ ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ಮಿನ ಮೇಲಿರುವ ಬಳೆಗಳನ್ನು ಅದರ ಕೆಳಗೆ ಹಾಕಿ ಹ್ಯಾಂಡಲ್ಲನ್ನು ಸ್ವಲ್ಪ ಎತ್ತರಿಸಿ ನೋಡುತ್ತೇವೆ. ಮತ್ತೆ ಬಿಗಿ ಮಾಡುವಾಗ ಮೊದಲು ಮೇಲಿನ ಮುಚ್ಚಳದ ಬೋಲ್ಟು, ಮುಂದಿನ ಬ್ರೇಕು ಹಿಡಿದು ಅಲ್ಲಾಡಿಸಿ ನೋಡುವುದು, ಆಮೇಲೆ ಪಕ್ಕದ ಎರಡು ಬೋಲ್ಟು. ಈ ಕ್ರಮ ತಪ್ಪಬಾರದು. ಅದಾದ ಮೇಲೆ ಟಿ. ನರಸೀಪುರದ ತನಕ ಹೋಗಿ ಬಂದು ಅವನ ಬೆರಳು ಏನು ಹೇಳುತ್ತವೆ ನೋಡಬೇಕು. ಇದೇ ತೊಂದರೆ ಪಟ್ಟು ಸರಿಮಾಡಿಕೊಂಡವರು ಯಾರಾದರೂ ಇದ್ದರೆ, ನೀವು ಏನು ಬದಲಿಸಿದಿರಿ ಅಂತ ದಯವಿಟ್ಟು ಬರೆಯಿರಿ. ಅವನಿಗೆ ಓದಿ ಹೇಳುತ್ತೇನೆ.