ನಾನ್‌ಮೂವಿಂಗ್

ವರ್ಷದ ಕೊನೆಗೆ ಸ್ಟಾಕ್ ಲೆಕ್ಕ ಹಾಕುವಾಗ ನಾವೊಂದು ಪಟ್ಟಿ ತೆಗೆಯುತ್ತಿದ್ದೆವು. ಎರಡು ವರ್ಷದಿಂದ ಯಾರೂ ಕೇಳದೆ ರ್‍ಯಾಕಿನಲ್ಲೇ ಕೂತ ಸಾಮಾನುಗಳ ಪಟ್ಟಿ. ಸ್ಟೋರ್ಸ್‌ನವರ ಬಾಯಲ್ಲಿ ಅದಕ್ಕೆ ‘ನಾನ್‌ಮೂವಿಂಗ್’ ಅಂತ ಹೆಸರು. ಮಜಾ ಏನೆಂದರೆ ಅದರಲ್ಲಿ ಅರ್ಧಕ್ಕರ್ಧ ಸಾಮಾನು ಕೆಟ್ಟಿರುತ್ತಲೇ ಇರಲಿಲ್ಲ. ಸುತ್ತಿದ ಕಾಗದ ಬಿಚ್ಚದ ಬೇರಿಂಗು, ಸೀಲ್ ಒಡೆಯದ ವಾಲ್ವು. ಅಂಥದ್ದೇ ಬೇರಿಂಗನ್ನು ಮೇಂಟೆನೆನ್ಸ್‌ನವರು ಹೊರಗಿನಿಂದ ದುಡ್ಡು ಕೊಟ್ಟು ತರಿಸಿಕೊಂಡಿರುತ್ತಿದ್ದರು. ನಮ್ಮಲ್ಲೇ ಇದೆ ಅನ್ನುವುದು ಅವರಿಗೆ ಗೊತ್ತಿರುತ್ತಿರಲಿಲ್ಲ, ಅವರಿಗೆ ಬೇಕು ಅನ್ನುವುದು ನಮಗೆ ಗೊತ್ತಿರುತ್ತಿರಲಿಲ್ಲ.

53ನೇ ವಯಸ್ಸಿನಲ್ಲಿ ನಾನೇ ಆ ಪಟ್ಟಿಗೆ ಸೇರಿದೆ. 23 ವರ್ಷ ದುಡಿದ ಕಾರ್ಖಾನೆ ಸ್ಟೋರ್ಸನ್ನು ಗುತ್ತಿಗೆಯವರಿಗೆ ವಹಿಸಿತು, ನನ್ನ ಲೆಕ್ಕ ಚುಕ್ತಾ ಮಾಡಿ ಕೈಕುಲುಕಿ ಕಳಿಸಿತು. ಆ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಆಮೇಲಿನ ಹತ್ತು ತಿಂಗಳೇ ಉದ್ದ.

ಅಭ್ಯಾಸ ಬಿಡಲಿಲ್ಲ ನೋಡಿ, ಕಳಿಸಿದ ಅರ್ಜಿಗಳಿಗೂ ಒಂದು ಪುಸ್ತಕ ಇಟ್ಟಿದ್ದೆ. ಎಡಗಡೆ ಔಟ್‌ವರ್ಡ್, ಬಲಗಡೆ ಇನ್‌ವರ್ಡ್. ಹತ್ತು ತಿಂಗಳಲ್ಲಿ ಔಟ್‌ವರ್ಡ್ 140 ದಾಟಿತ್ತು, ಇನ್‌ವರ್ಡ್ ಒಂಬತ್ತು. ಅದರಲ್ಲಿ ಮುಖ ನೋಡಿ ಮಾತಾಡಿಸಿದವರು ಮೂರೇ ಜನ. ‘ನಿಮಗೆ ವಯಸ್ಸಾಯಿತು’ ಅಂತ ಯಾರೂ ಹೇಳುವುದಿಲ್ಲ. ‘ನಿಮ್ಮ ಅನುಭವಕ್ಕೆ ಈ ಕೆಲಸ ಸಣ್ಣದಾಯಿತು’ ಅನ್ನುತ್ತಾರೆ. ಇಲ್ಲವೇ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದ ಒಬ್ಬ ಹುಡುಗ ಕೇಳಿದ ಹಾಗೆ, ‘ಇಲ್ಲಿ ಎಲ್ಲರೂ ಯಂಗ್ ಇದ್ದೀವಿ ಸಾರ್, ಹೊಂದಿಕೊಳ್ತೀರಾ?’ ಅಂತ ಕೇಳುತ್ತಾರೆ.

ಆ ಮೂರನೆಯ ಸಂದರ್ಶನದಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬರು ಹೆಂಗಸು ಕೂತಿದ್ದರು. ಐವತ್ತರ ಆಸುಪಾಸು. ತೊಡೆಯ ಮೇಲೆ ದಾರ ಕಟ್ಟಿದ ನೀಲಿ ಫೈಲು. ಒಂದು ದೊಡ್ಡ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದರಂತೆ, ಅತ್ತೆ ಹಾಸಿಗೆ ಹಿಡಿದಾಗ ಬಿಟ್ಟರಂತೆ, ಹನ್ನೆರಡು ವರ್ಷ ಆಗಿತ್ತು. ‘ಯಾರಾದರೂ ಹಳಬರನ್ನು ಕೇಳಿ ನೋಡಿದಿರಾ?’ ಅಂದೆ. ‘ಹನ್ನೆರಡು ವರ್ಷದಲ್ಲಿ ನನಗೆ ಗೊತ್ತಿರೋರು ಅಂದ್ರೆ ಡಾಕ್ಟ್ರು, ಔಷಧಿ ಅಂಗಡಿಯವರು’ ಅಂದು ನಕ್ಕರು. ಅಷ್ಟರಲ್ಲಿ ಒಳಗಿನಿಂದ ನನ್ನನ್ನು ಕರೆದರು.

ಬೆಳಗ್ಗೆ ಮನೆಯಲ್ಲಿ ಕೂರಲಾಗದೆ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲೇ ಓದಿದ್ದು, ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಊರಿನ ಕಥೆ. 1930ರ ಹೊತ್ತಿಗೆ ಅಲ್ಲಿನ ಬಟ್ಟೆ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಏನಾಗುತ್ತಿದೆ ನೋಡೋಣ ಅಂತ ಸಂಶೋಧಕರು ಅಲ್ಲಿಗೆ ಹೋದರು, 1933ರಲ್ಲಿ ವರದಿ ಬಂತು. ಕೈತುಂಬ ಬಿಡುವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು, ಶುಲ್ಕ ತೆಗೆದುಹಾಕಿದ ಮೇಲೂ. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ತಗ್ಗಿತ್ತು. ಪುಟ ಮಡಚಿ ಮನೆಗೆ ಹೊರಟಾಗ ನನ್ನ ಹೆಜ್ಜೆಯನ್ನೇ ನಾನು ಗಮನಿಸಿದೆ. ಅದರ ಮಾತು ಬೇಡ.

ಮಗಳು ಸಮಾಜಶಾಸ್ತ್ರ ಓದುತ್ತಿದ್ದಳು. ಒಂದು ರಾತ್ರಿ ನನ್ನ ಇನ್‌ವರ್ಡ್ ಔಟ್‌ವರ್ಡ್ ಪುಸ್ತಕ ತಿರುವಿ ಹಾಕುತ್ತಾ ಕೇಳಿದಳು, ‘ಅಪ್ಪಾ, ಕೆಲಸ ಹೋಗಿದೆ ಅಂತ ಎಷ್ಟು ಜನಕ್ಕೆ ಹೇಳಿದ್ದೀಯ?’

‘ಹೇಳಬೇಕಾದವರಿಗೆ ಹೇಳಿದ್ದೀನಿ.’

‘ಎಷ್ಟು ಜನ?’

ಆರೋ ಏಳೋ. ಅಣ್ಣ, ಭಾವ, ಇಬ್ಬರು ಗೆಳೆಯರು. ಅವರೆಲ್ಲ ಪಾಪ ಮನಸಾರೆ ಹುಡುಕಿದ್ದರು. ಆದರೆ ಅವರಿಗೆ ಗೊತ್ತಿದ್ದ ಜಾಗಗಳೆಲ್ಲ ನನಗೂ ಗೊತ್ತಿದ್ದವೇ. ಮಗಳು ಹೇಳಿದ್ದೂ ಅದನ್ನೇ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಬರೆದ ಲೇಖನದಲ್ಲಿ ಇದೇ ವಿಷಯವಂತೆ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಆತ ಕೇಳಿದ, ಆಗ ಆ ಪರಿಚಯದವರನ್ನು ಎಷ್ಟು ಸಲ ನೋಡುತ್ತಿದ್ದಿರಿ ಅಂತ. ಆಗಾಗ ನೋಡುತ್ತಿದ್ದೆವು ಎಂದವರು ಶೇ. 17ರಷ್ಟು ಮಾತ್ರ. ಅಪರೂಪಕ್ಕೆ, ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಎಂದವರು ಶೇ. 28ರಷ್ಟು. ಉಳಿದವರದು ನಡುವಿನ ಲೆಕ್ಕ. ‘ಅದು ಹಳೇ ಕಾಲ’ ಅಂದೆ. ಬಿಡುವವಳಲ್ಲ. ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕದ ಜಾಲತಾಣದಲ್ಲಿ ಐದು ವರ್ಷ, ಎರಡು ಕೋಟಿ ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಿದೆ, ಅಲ್ಲೂ ತೀರಾ ಹತ್ತಿರದವರಿಗಿಂತ ಅರೆಪರಿಚಯದವರಿಂದಲೇ ಹೆಚ್ಚು ಜನಕ್ಕೆ ಕೆಲಸ ಸಿಕ್ಕಿದೆ ಅಂದಳು. ‘ನಿನ್ನ ಹಳೇ ಫೋನ್ ಡೈರಿ ಎಲ್ಲಿ?’

ನನ್ನನ್ನು ತಡೆದಿದ್ದು ನಾಚಿಕೆ, ಬೇರೇನಲ್ಲ. ಮತ್ತೆ ಇನ್ನೊಂದು. ನಮ್ಮ ಕಾಲದಲ್ಲಿ ಗುರುತಿನವರಿಂದ ಕೆಲಸ ಹಿಡಿದವನನ್ನು ‘ವಶೀಲಿ ಗಿರಾಕಿ’ ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ, ಒಬ್ಬಿಬ್ಬರ ಬೆನ್ನ ಹಿಂದೆ.

ಮರುದಿನ ಡೈರಿ ಹಿಡಿದು ಕೂತೆ. ಮೊದಲ ಕರೆ ಹಳೆಯ ಮೇಲಧಿಕಾರಿಗೆ. ‘ನೋಡೋಣ, ನೋಡೋಣ’ ಅಂದರು. ಆ ‘ನೋಡೋಣ’ ಎಂಥದ್ದು ಅಂತ ನನಗೆ ಗೊತ್ತು, ಸಪ್ಲೈಯರುಗಳಿಗೆ ನಾನೇ ಸಾವಿರ ಸಲ ಅಂದಿದ್ದೇನೆ. ಎರಡನೆಯವನು ತಾನೂ ಕೆಲಸ ಹುಡುಕುತ್ತಿದ್ದ. ಅರ್ಧ ಗಂಟೆ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ನಾಲ್ಕು ನಂಬರು ಅಸ್ತಿತ್ವದಲ್ಲೇ ಇರಲಿಲ್ಲ. ಒಂದು ನಂಬರನ್ನು ಅವರ ಹೆಂಡತಿ ಎತ್ತಿದರು. ‘ಅವರು ಹೋಗಿ ಎರಡು ವರ್ಷ ಆಯ್ತಲ್ಲ’ ಅಂದರು. ಕೆಲಸ ಕೇಳಲು ಮಾಡಿದ ಫೋನು ಅಂತ ಹೇಳಲಾಗದೆ, ಸುಮ್ಮನೆ ನೆನಪಾಯಿತು ಅಂದುಬಿಟ್ಟೆ. ಆಕೆಗೆ ಅದರಿಂದ ಎಷ್ಟು ಸಂತೋಷವಾಯಿತೆಂದರೆ, ಫೋನಿಟ್ಟ ಮೇಲೆ ಆ ದಿನ ಇನ್ನು ಸಾಕು ಅನ್ನಿಸಿತ್ತು.

ಆದರೂ ಪುಟ ತಿರುವಿದೆ. ‘ತೂಕದ ಮೇಷ್ಟ್ರು’ ಅಂತ ಬರೆದಿತ್ತು, ಹೆಸರಿಲ್ಲ. ನಮ್ಮ ತೂಕದ ಯಂತ್ರಗಳನ್ನು ಪರೀಕ್ಷಿಸಲು ವರ್ಷಕ್ಕೆರಡು ಸಲ ಬರುತ್ತಿದ್ದವರು. ಬಂದರೆ ಎರಡು ತಾಸು, ಅಷ್ಟೇ ಪರಿಚಯ. ಅವರ ಮನೆ ಎಲ್ಲಿ, ಮಕ್ಕಳೆಷ್ಟು, ಒಂದೂ ಗೊತ್ತಿಲ್ಲ.

‘ಸಾರ್, ನಾನು ಸ್ಟೋರ್ಸ್‌ನಿಂದ...’ ಅಂದೆ, ಹಳೇ ಚಾಳಿ.

‘ಗೊತ್ತಾಯ್ತು ಬಿಡಿ! ಇನ್ನೂರು ಗ್ರಾಂ ಸಾಹೇಬ್ರು!’

ನನಗೇ ಮರೆತಿತ್ತು. ಒಂದು ಸಲ ಸರಕು ತೂಗುವ ಯಂತ್ರ ಪ್ರತಿ ಸಲವೂ ಇನ್ನೂರು ಗ್ರಾಂ ಕಡಿಮೆ ತೋರಿಸುತ್ತಿದ್ದುದನ್ನು ಅವರು ಹಿಡಿದಿದ್ದರು. ಅಂದರೆ ಸರಕು ಕೊಟ್ಟವರಿಗೆ ನಷ್ಟ, ನಮಗೆ ಲಾಭ. ಸರಿಮಾಡಿ ಸುಮ್ಮನಾಗಿ ಎಂದು ಮೇಲಿನವರು ಹೇಳಿದ್ದರು. ನಾನು ಮಾತ್ರ ರಿಜಿಸ್ಟರಿನಲ್ಲಿ ಬರೆದು, ಆ ತಿಂಗಳ ಬಿಲ್ಲುಗಳನ್ನು ಮತ್ತೆ ಲೆಕ್ಕ ಹಾಕಿಸಿದ್ದೆ. ದೊಡ್ಡ ಧೈರ್ಯವೇನಲ್ಲ, ಲೆಡ್ಜರು ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅಷ್ಟೆ. ಅವರು ಅದನ್ನು ಹನ್ನೊಂದು ವರ್ಷ ನೆನಪಿಟ್ಟಿದ್ದರು.

ಕೆಲಸ ಕೊಡಿಸಿ ಅಂತ ಕೇಳಲು ಬಾಯಿ ಬರಲಿಲ್ಲ. ‘ನೀವು ಹತ್ತು ಕಡೆ ಹೋಗಿ ಬರೋರು. ಸ್ಟೋರ್ಸ್ ನೋಡ್ಕೊಳ್ಳೋರು ಎಲ್ಲಾದರೂ ಬೇಕಿದ್ರೆ, ಹೀಗೊಬ್ಬ ಇದ್ದಾನೆ ಅಂತ ಒಂದು ಮಾತು ಹೇಳಿ’ ಅಂದೆ. ‘ಅಯ್ಯೋ, ಇಷ್ಟು ದಿನ ಯಾಕೆ ಹೇಳಲಿಲ್ಲ?’ ಅಂದರು.

ಒಂಬತ್ತನೆಯ ದಿನ ಅವರೇ ಫೋನು ಮಾಡಿದರು. ಒಂದು ಸಣ್ಣ ಕಾರ್ಖಾನೆ, ಸ್ಟೋರ್ಸ್‌ನವರು ನಿವೃತ್ತರಾಗುವುದರಲ್ಲಿದ್ದಾರೆ, ಇನ್ನೂ ಜಾಹೀರಾತು ಕೊಟ್ಟಿಲ್ಲ. ಹೋದೆ. ಮಾಲೀಕರು ನನ್ನ ಅರ್ಜಿಯನ್ನು ನೋಡದೆ ಪಕ್ಕಕ್ಕಿಟ್ಟು, ಸೀದಾ ಗೋಡೌನಿಗೆ ಕರೆದುಕೊಂಡು ಹೋಗಿ, ‘ಇದನ್ನು ನೋಡಿ, ಏನನ್ನಿಸುತ್ತೆ ಹೇಳಿ’ ಅಂದರು. ಅಲ್ಲಿನ ಅವ್ಯವಸ್ಥೆ ನೋಡಿ ಹತ್ತು ತಿಂಗಳಲ್ಲಿ ಮೊದಲ ಸಲ ನನಗೆ ಖುಷಿಯಾಯಿತು. ಮುಕ್ಕಾಲು ಗಂಟೆ ಮಾತಾಡಿದೆ. ವಯಸ್ಸನ್ನು ಅವರು ಕೇಳಿದ್ದು ಕಡೆಗೆ, ಫಾರಂ ತುಂಬುವಾಗ. ಸಂಬಳ ಮೊದಲಿನದಕ್ಕಿಂತ ಕಾಲು ಭಾಗ ಕಡಿಮೆ. ಒಪ್ಪಿಕೊಂಡೆ.

ಇದು ವಶೀಲಿಯೋ ಅಲ್ಲವೋ ಅಂತ ಈಗಲೂ ಒಳಗೇ ವಾದ ನಡೆಯುತ್ತದೆ. ಮೇಷ್ಟ್ರು ನನ್ನನ್ನು ತೆಗೆದುಕೊಳ್ಳಿ ಅನ್ನಲಿಲ್ಲ, ಇಂಥವನಿದ್ದಾನೆ ಅಂದರು, ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು. ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಜಾಹೀರಾತೇ ಬಾರದ ಆ ಜಾಗಕ್ಕೆ ನನಗಿಂತ ಚೆನ್ನಾಗಿ ಹೊಂದುವ ಯಾರೋ ಒಬ್ಬರು ಆ ಹೊತ್ತಿಗೆ ತಮ್ಮ 140ನೇ ಅರ್ಜಿ ಬರೆಯುತ್ತಿದ್ದಿರಬಹುದು. ಆ ಯೋಚನೆ ಬಂದರೆ ಸಮಾಧಾನ ನಿಲ್ಲುವುದಿಲ್ಲ.

ಮೊನ್ನೆ ಮೇಷ್ಟ್ರು ಹೊಸ ಜಾಗಕ್ಕೆ ಯಂತ್ರ ಪರೀಕ್ಷೆಗೆ ಬಂದಿದ್ದರು. ತೂಕದ ಕಲ್ಲುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಾ, ‘ಒಂದು ಕಡೆ ಸಂಬಳದ ಲೆಕ್ಕ ನೋಡೋರು ಬೇಕಂತೆ. ವಯಸ್ಸಾದವರಾದರೂ ಪರವಾಗಿಲ್ಲ ಅಂದ್ರು. ನಿಮಗೆ ಗೊತ್ತಿರೋರು ಯಾರಾದರೂ?’ ಅಂದರು.

‘ಇದ್ದಾರೆ ಸಾರ್!’ ಅಂದೆ ತಟ್ಟನೆ. ನೀಲಿ ಫೈಲು, ಅದಕ್ಕೆ ಕಟ್ಟಿದ ದಾರ, ಆ ನಗು, ಎಲ್ಲ ಕಣ್ಣ ಮುಂದೆ ಬಂತು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಕೈಲಿದ್ದ ಚೀಟಿ ತಿರುಗಿಸಿ ಹಿಡಿದರು.

‘ಹೆಸರು ಹೇಳಿ.’

ನಾನು ಅವತ್ತು ಕೇಳಿಯೇ ಇರಲಿಲ್ಲ.