ಕುಮಾರ ಪರ್ವತದ ಮಳೆ, ನನ್ನ ಶೂ, ಭಟ್ಟರ ಮನೆ ಸಾಂಬಾರು

ಆರು ಸಾವಿರ ಕೊಟ್ಟು ವಾಟರ್‌ಪ್ರೂಫ್ ಶೂ ತಗೊಂಡು ಕುಮಾರ ಪರ್ವತ ಹತ್ತಲು ಹೋಗಿದ್ದೆ. ಅಕ್ಟೋಬರ್ ಕೊನೆ, ಮಳೆ ಮುಗಿದಿರುತ್ತದೆ ಅನ್ನೋ ಲೆಕ್ಕ. ಕುಕ್ಕೆ ಬಿಟ್ಟು ಒಂದು ಗಂಟೆಗೇ ಮಳೆ ಹಿಡಿಯಿತು. ಪ್ಯಾಂಟಿನಿಂದ ಇಳಿದ ನೀರು ಕಾಲುಚೀಲದ ಮೂಲಕ ಶೂ ಸೇರಿತು. ಸೇರಿದ್ದು ಹೊರಗೆ ಬರಲೇ ಇಲ್ಲ. ನೀರನ್ನು ಒಳಗೆ ಬಿಡದ ಶೂ ಹೊರಗೂ ಬಿಡುವುದಿಲ್ಲ ಅಂತ ಅಂಗಡಿಯವನು ಹೇಳಿರಲಿಲ್ಲ. ಊರಿನವರೊಬ್ಬರು ತೂತಿರುವ ಪ್ಲಾಸ್ಟಿಕ್ ಶೂ ಹಾಕಿಕೊಂಡು, ತಲೆ ಮೇಲೆ ಮೂಟೆ ಹೊತ್ತು ನನ್ನನ್ನು ದಾಟಿ ಹೋದರು. ನೀವು ಅದನ್ನೇ ಕೊಳ್ಳಿ.

ಕಾಡಿನ ದಾರಿಯಲ್ಲಿ ಇಂಬಳ (ಜಿಗಣೆ) ವಿಪರೀತ. ಅದನ್ನು ಬಿಡಿಸೋಕೆ ತಂದಿದ್ದ ಉಪ್ಪಿನ ಪೊಟ್ಟಣ ಮಳೆಗೆ ಕರಗಿ ಜೇಬೆಲ್ಲ ಅಂಟಾಯಿತು. ಕಚ್ಚಿದ ಜಾಗದಲ್ಲಿ ರಕ್ತ ತುಂಬಾ ಹೊತ್ತು ನಿಲ್ಲುವುದಿಲ್ಲ. ಅದರ ಎಂಜಲೇ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಗಾಬರಿ ಬೇಡ. ಬಯಲು ಹುಲ್ಲುಗಾವಲಿಗೆ ಬಂದ ಮೇಲೆ ಕಾಟ ಕಡಿಮೆ.

ಆ ಹುಲ್ಲುಗಾವಲು ಶುರುವಾಗುವಲ್ಲೇ, ಬೆಟ್ಟ ಹತ್ತುವವರಿಗೆ ದುಡ್ಡಿಗೆ ಊಟ ಹಾಕುವ ಗಿರಿಗದ್ದೆಯ ಭಟ್ಟರ ಮನೆ. ಬಿಸಿ ಅನ್ನ, ಸಾಂಬಾರು, ಉಪ್ಪಿನಕಾಯಿ, ನೀರು ಮಜ್ಜಿಗೆ, ಅಷ್ಟೇ. ಮೂರು ಸಲ ಹಾಕಿಸಿಕೊಂಡೆ. ತಟ್ಟೆ ನಾವೇ ತೊಳೆಯಬೇಕು, ತೊಳೆದೆ. ಇಲ್ಲಿಗೆ ಗಾಡಿ ದಾರಿ ಇಲ್ಲ, ಅಕ್ಕಿಯೂ ಹೊತ್ತೇ ಬರಬೇಕು. ಬೆಂಗಳೂರಿನ ದರದ ಜೊತೆ ಹೋಲಿಸಿ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಷ್ಟು ಜನ ಬರುತ್ತೀರಿ ಅಂತ ಮೊದಲೇ ಫೋನ್ ಮಾಡಿ ಹೇಳಿಬಿಡಿ.

ಕುಕ್ಕೆ ಇರುವುದು ಸುಮಾರು 120 ಮೀಟರ್ ಎತ್ತರದಲ್ಲಿ, ತುದಿ 1712 ಮೀಟರ್. ಮಂಡಿ ನೋವಿನವರು ಸೋಮವಾರಪೇಟೆ ಕಡೆಯ ಬೀಡಹಳ್ಳಿಯಿಂದ ಹತ್ತಿ, ದಾರಿ ಅರ್ಧದಷ್ಟು ಕಡಿಮೆ. ನಾನು ಹತ್ತಿದ ಕುಕ್ಕೆ ದಾರಿಯಲ್ಲಿ, ತುದಿಗೆ ಮೊದಲು ಬರುವ ಶೇಷ ಪರ್ವತ ದಾಟಿದ ಮೇಲೆ ಸಿಗುವ ಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಹತ್ತುವಾಗ ಏನೂ ಅನಿಸಲಿಲ್ಲ, ಇಳಿಯುವಾಗ ಕೂತುಕೊಂಡೇ ಜಾರಿದೆ. ತುದಿಯಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

2024ರ ಜನವರಿಯಲ್ಲಿ ಇಲ್ಲಿ ಸಾವಿರಾರು ಜನ ಸೇರಿ ಗಲಾಟೆಯಾದ ಮೇಲೆ ಆನ್‌ಲೈನ್ ಬುಕಿಂಗ್ ಬಂದಿದೆ. ಒಳ್ಳೆಯದೇ ಆಯಿತು. ಆದರೂ ವಾರದ ಮಧ್ಯೆ ಹೋಗಿ, ಜಾತ್ರೆ ನೋಡೋಕೆ ಬೆಟ್ಟ ಹತ್ತಬೇಕಾ?

ಇಳಿದ ಮೇಲೆ ಕುಕ್ಕೆಯ ಒಂದು ಲಾಡ್ಜ್‌ನಲ್ಲಿ ಎರಡೇ ಗಂಟೆ ರೂಮು ಕೊಟ್ಟು 1,500 ರೂಪಾಯಿ ಕಿತ್ತರು. ಬಿಸಿನೀರಿಲ್ಲ, ಫ್ಯಾನ್ ತಿರುಗಲ್ಲ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಒಯ್ದಿದ್ದರೆ, ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲೇ ಹತ್ತು ರೂಪಾಯಿಗೆ ಕೆಲಸ ಮುಗಿಯುತ್ತಿತ್ತು.