ಅಲ್ಸಾಸ್‌ನ ದ್ರಾಕ್ಷಿತೋಟಗಳ ನಡುವೆ: ರಿಬೊವಿಲೆಯಿಂದ ಕೈಸರ್ಸ್‌ಬರ್ಗ್‌ವರೆಗೆ ಕಾಲ್ನಡಿಗೆ

ಫ್ರಾನ್ಸಿನ ಈಶಾನ್ಯ ಅಂಚಿನಲ್ಲಿ, ವೋಜ್ ಬೆಟ್ಟಸಾಲು ರೈನ್ ನದಿಯ ಬಯಲಿಗೆ ಇಳಿಯುವಲ್ಲಿ, ಅಲ್ಸಾಸ್ ಪ್ರಾಂತ್ಯದ ದ್ರಾಕ್ಷಿತೋಟಗಳು ಉತ್ತರದಿಂದ ದಕ್ಷಿಣಕ್ಕೆ ಕಿರಿದಾದ ಪಟ್ಟಿಯಾಗಿ ಹಬ್ಬಿವೆ. ಈ ಪಟ್ಟಿಯ ಉದ್ದಕ್ಕೂ, ಮಾರ್ಲೆನ್‌ಹೈಮ್‌ನಿಂದ ಥಾನ್‌ವರೆಗೆ, ಸುಮಾರು 170 ಕಿಲೋಮೀಟರ್ ಸಾಗುವ ವೈನ್ ರಸ್ತೆಯನ್ನು 1953ರಲ್ಲಿ ಉದ್ಘಾಟಿಸಲಾಯಿತು. ಬಹುತೇಕ ಪ್ರವಾಸಿಗರು ಕಾರಿನಲ್ಲೋ ಬಸ್ಸಿನಲ್ಲೋ ಈ ರಸ್ತೆ ಹಿಡಿದು, ಹೆಸರಾದ ಮೂರು ನಾಲ್ಕು ಊರುಗಳಲ್ಲಿ ಇಳಿದು, ಫೋಟೊ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಹಾಗೆ ಹೋದವರ ಕಣ್ಣಿಗೆ ಬೀಳದೆ ಉಳಿಯುವುದು ಊರು ಊರುಗಳ ನಡುವಿನ ಸಂಬಂಧ. ಒಂದು ಊರಿನಲ್ಲಿ ನಾನೂರು ಐನೂರು ವರ್ಷಗಳ ಮರದ ಚೌಕಟ್ಟಿನ ಮನೆಗಳು ಸಾಲಾಗಿ ನಿಂತಿದ್ದರೆ, ಅಲ್ಲಿಂದ ಒಂದು ಗಂಟೆಯೊಳಗೆ ನಡೆದು ತಲುಪಬಹುದಾದ ಇನ್ನೊಂದು ಊರಿನಲ್ಲಿ ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಮನೆಯನ್ನು ಹುಡುಕಬೇಕಾಗುತ್ತದೆ. ಈ ವ್ಯತ್ಯಾಸ ಏಕೆ ಬಂತು ಎಂಬ ಪ್ರಶ್ನೆ ನಡೆಯುತ್ತ ಹೋದವರಿಗೆ ತಾನಾಗಿ ಏಳುತ್ತದೆ, ಮತ್ತು ಅದರ ಉತ್ತರವೂ ದಾರಿಯಲ್ಲೇ ಸಿಗುತ್ತದೆ. ಆದ್ದರಿಂದಲೇ ಈ ಭಾಗವನ್ನು ನೋಡಬಯಸುವ ಎಲ್ಲರಿಗೂ ನಾನು ಕಾಲ್ನಡಿಗೆಯನ್ನೇ ಸೂಚಿಸುತ್ತೇನೆ.

ನಡಿಗೆ ಕಷ್ಟದ್ದಲ್ಲ. ನಾನು ಹೇಳುತ್ತಿರುವ ದಾರಿ ರಿಬೊವಿಲೆಯಿಂದ ಉನಾವೀರ್, ರಿಕ್ವೀರ್, ಮಿಟೆಲ್‌ವೀರ್, ಬೆನ್‌ವೀರ್, ಸಿಗೊಲ್ಸ್‌ಹೈಮ್, ಕೀನ್ಟ್ಸ್‌ಹೈಮ್ ಊರುಗಳನ್ನು ಹಾದು ಕೈಸರ್ಸ್‌ಬರ್ಗ್ ಸೇರುತ್ತದೆ. ಒಟ್ಟು ಹದಿನೈದು ಕಿಲೋಮೀಟರಿನ ಆಸುಪಾಸು. ಎರಡು ದಿನಗಳಿಗೆ ಹಂಚಿಕೊಂಡರೆ ಮೊಣಕಾಲು ನೋವಿರುವವರಿಗೂ ನಿಭಾಯಿಸಬಹುದಾದ ದೂರ. ನನ್ನ ಜೊತೆಗಿದ್ದ ಅಮ್ಮ ಕೈಯಲ್ಲೊಂದು ಕೋಲು ಹಿಡಿದು, ಊರಿಗೊಂದು ಕಡೆ ಕುಳಿತು ದಣಿವಾರಿಸಿಕೊಂಡು, ಇಡೀ ದಾರಿಯನ್ನು ನಡೆದರು. ಹೆಚ್ಚಿನ ಕಡೆ ಟ್ರ್ಯಾಕ್ಟರ್ ಓಡಾಡುವ ಗಟ್ಟಿಯಾದ ತೋಟದ ದಾರಿಗಳೇ ಇವೆ, ಏರಿಳಿತವೂ ಮಿತವಾದದ್ದು. ದಾರಿ ತಪ್ಪುವ ಭಯವಿಲ್ಲ, ಏಕೆಂದರೆ 1872ರಲ್ಲಿ ಸ್ಥಾಪನೆಯಾದ ಕ್ಲಬ್ ವೋಜಿಯನ್ ಎಂಬ ಚಾರಣ ಸಂಘದ ಸ್ವಯಂಸೇವಕರು ಕಂಬ, ಮರ, ಗೋಡೆಗಳ ಮೇಲೆ ಬಣ್ಣದ ಗುರುತುಗಳನ್ನು ಹಾಕಿ ಈ ಸೀಮೆಯ ಕಾಲುದಾರಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಮ್ಮನನ್ನು ಎಲ್ಲಕ್ಕಿಂತ ಅಚ್ಚರಿಗೊಳಿಸಿದ್ದು ತೋಟಗಳಿಗೆ ಬೇಲಿಯೇ ಇಲ್ಲದಿರುವುದು. ಹಣ್ಣು ತುಂಬಿದ ಗೊಂಚಲುಗಳು ದಾರಿಯ ಪಕ್ಕದಲ್ಲೇ ಕೈಗೆಟಕುವಂತೆ ತೂಗುತ್ತಿರುತ್ತವೆ. ಅವು ಒಬ್ಬ ರೈತನ ವರ್ಷದ ದುಡಿಮೆ ಎಂಬುದನ್ನು ನೆನಪಿಟ್ಟು ಒಂದೇ ಒಂದು ಹಣ್ಣನ್ನೂ ಕೀಳದೆ ನಡೆಯುವುದು ಅಲ್ಲಿಗೆ ಹೋದ ನಮ್ಮೆಲ್ಲರ ಕರ್ತವ್ಯ. ಕೊಯ್ಲಿನ ದಿನಗಳಲ್ಲಿ ಕೆಲವು ದಾರಿಗಳನ್ನು ಮುಚ್ಚುವುದೂ ಉಂಟು. ಆ ಫಲಕ ಕಂಡರೆ ಸುತ್ತು ದಾರಿ ಹಿಡಿಯಬೇಕು.

ಇಷ್ಟು ಉತ್ತರದಲ್ಲಿ ದ್ರಾಕ್ಷಿ ಇಷ್ಟು ಚೆನ್ನಾಗಿ ಹಣ್ಣಾಗಲು ಕಾರಣವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಹ್ಯಾದ್ರಿಯು ಅರಬ್ಬಿ ಸಮುದ್ರದ ಮೋಡಗಳನ್ನು ತಡೆದು ಮಲೆನಾಡಿನಲ್ಲೇ ಸುರಿಸಿ ಬಯಲುಸೀಮೆಯನ್ನು ಒಣಗಿಸುವಂತೆ, ವೋಜ್ ಬೆಟ್ಟಗಳು ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆಯನ್ನು ಪಶ್ಚಿಮದ ಮಗ್ಗುಲಲ್ಲೇ ತಡೆಯುತ್ತವೆ. ಬೆಟ್ಟದ ನೆತ್ತಿಯಲ್ಲಿ ಧಾರಾಳವಾಗಿ ಮಳೆ ಮತ್ತು ಹಿಮ ಬಿದ್ದರೆ, ಪೂರ್ವದ ಬುಡದಲ್ಲಿರುವ ಕೋಲ್ಮಾರ್ ನಗರಕ್ಕೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಾತ್ರ ಸಿಗುತ್ತದೆ. ಫ್ರಾನ್ಸಿನ ಅತ್ಯಂತ ಒಣ ನಗರಗಳ ಸಾಲಿನಲ್ಲಿ ಅದೂ ಒಂದು. ಮಿಟೆಲ್‌ವೀರ್‌ನ ಒಂದು ಇಳಿಜಾರಿನಲ್ಲಿ ಬಾದಾಮಿ ಮರಗಳು ಬೆಳೆದು ಹೂ ಬಿಡುತ್ತವೆ ಎಂದರೆ ಅಲ್ಲಿನ ಬಿಸಿಲನ್ನು ಊಹಿಸಬಹುದು. ಮಳೆಯಷ್ಟೇ ಮುಖ್ಯವಾದದ್ದು ಮಣ್ಣು. ವೋಜ್ ಮತ್ತು ರೈನ್‌ನ ಆಚೆಗಿರುವ ಜರ್ಮನಿಯ ಕಪ್ಪು ಕಾಡಿನ ಬೆಟ್ಟಗಳು ಒಂದು ಕಾಲದಲ್ಲಿ ಒಂದೇ ರಾಶಿಯಾಗಿದ್ದವು. ನಡುವಿನ ನೆಲ ಕುಸಿದು ರೈನ್ ಕಣಿವೆಯಾದಾಗ ಅದರ ಅಂಚುಗಳು ಹೋಳು ಹೋಳಾಗಿ ಸೀಳಿದವು. ಹೀಗಾಗಿ ಬೇರೆ ಬೇರೆ ಯುಗಗಳ ಕಲ್ಲುಗಳು ಇಲ್ಲಿ ಅಕ್ಕಪಕ್ಕದಲ್ಲೇ ಮೇಲೆದ್ದಿವೆ. ಉನಾವೀರ್‌ನ ರೊಸಾಕರ್ ತೋಟದಲ್ಲಿ ಸುಣ್ಣದ ಕಲ್ಲು, ರಿಕ್ವೀರ್‌ನ ಶೋನೆನ್‌ಬೂರ್ಗ್‌ನಲ್ಲಿ ಜಿಪ್ಸಮ್ ಬೆರೆತ ಜೇಡಿ, ಕೈಸರ್ಸ್‌ಬರ್ಗ್ ಬಳಿಯ ಶ್ಲಾಸ್‌ಬರ್ಗ್‌ನಲ್ಲಿ ಗ್ರಾನೈಟ್. ಒಂದೇ ರೀಸ್ಲಿಂಗ್ ತಳಿ ಈ ಮೂರೂ ಕಡೆ ಮೂರು ಬಗೆಯ ವೈನ್ ಕೊಡುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ವೈನ್ ಕುಡಿಯದ ನನ್ನಂಥವರಿಗೂ ಕಾಲಡಿಯ ಮಣ್ಣಿನ ಬಣ್ಣ ಬದಲಾಗುವುದು ಸ್ಪಷ್ಟವಾಗಿಯೇ ಕಾಣುತ್ತದೆ. ಅಲ್ಸಾಸ್‌ನಲ್ಲಿ ಇಂಥ ಶ್ರೇಷ್ಠವೆಂದು ಗುರುತಿಸಿದ 51 ತೋಟಗಳಿದ್ದು, ಗ್ರಾಂ ಕ್ರೂ ಎಂಬ ಆ ಮನ್ನಣೆ 1975ರಲ್ಲಿ ಮೊದಲು ದೊರೆತದ್ದು ಶ್ಲಾಸ್‌ಬರ್ಗ್‌ಗೆ.

ರಿಬೊವಿಲೆ ದೊಡ್ಡ ಊರು. ಅದರ ಮೇಲಿನ ಕಾಡಿನಲ್ಲಿ ಮೂರು ಪಾಳುಕೋಟೆಗಳಿವೆ. ಅಲ್ಲಿನ ಒಡೆಯರು ಮಧ್ಯಯುಗದಲ್ಲಿ ಅಲೆಮಾರಿ ವಾದ್ಯಗಾರರಿಗೆ ಆಶ್ರಯ ಕೊಟ್ಟವರು, ಮತ್ತು ಅದರ ನೆನಪಿಗೆ ಸೆಪ್ಟೆಂಬರಿನ ಮೊದಲ ಭಾನುವಾರ ಈಗಲೂ ವಾದ್ಯಗಾರರ ಹಬ್ಬ ನಡೆಯುತ್ತದೆ. ಅಲ್ಲಿಂದ ತೋಟಗಳ ನಡುವೆ ಎರಡೂವರೆ ಕಿಲೋಮೀಟರ್ ನಡೆದರೆ ಉನಾವೀರ್.

ಇಡೀ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಊರು ಇದೇ. ಊರಿನಿಂದ ಸ್ವಲ್ಪ ಮೇಲೆ, ಬಳ್ಳಿಗಳ ಮಧ್ಯದಲ್ಲಿ, ಸಂತ ಯಾಕೋಬನ ಚರ್ಚು ನಿಂತಿದೆ. ಅದರ ಸ್ಮಶಾನದ ಸುತ್ತ ಆರು ಮೂಲೆಗಳ ಕೋಟೆಗೋಡೆ, ಮೂಲೆಗೊಂದರಂತೆ ಅರ್ಧವೃತ್ತಾಕಾರದ ಕೊತ್ತಲ. ಯುದ್ಧ ಬಂದಾಗ ಊರಿನವರು ಹೊಕ್ಕು ಕೂರಲು ಕಟ್ಟಿಕೊಂಡ ಆಸರೆ ಅದು. ಇದಕ್ಕಿಂತ ದೊಡ್ಡ ಸಂಗತಿ ಒಳಗಿದೆ. 16ನೇ ಶತಮಾನದಲ್ಲಿ ಈ ಊರು ಜರ್ಮನ್ ಸೀಮೆಯ ವ್ಯುರ್ಟೆಂಬರ್ಗ್ ಅರಸರ ಕೈಕೆಳಗೆ ಪ್ರಾಟೆಸ್ಟೆಂಟ್ ಆಯಿತು. ಮುಂದೆ ಫ್ರಾನ್ಸಿನ 14ನೇ ಲೂಯಿ ಅಲ್ಸಾಸ್ ಅನ್ನು ವಶಪಡಿಸಿಕೊಂಡ ಮೇಲೆ ಕ್ಯಾಥೊಲಿಕರಿಗೂ ಅದೇ ಕಟ್ಟಡದಲ್ಲಿ ಪಾಲು ಕೊಡಬೇಕೆಂದು ವಿಧಿಸಲಾಯಿತು. ಬಲವಂತದಿಂದ ಆರಂಭವಾದ ಆ ಏರ್ಪಾಡು 17ನೇ ಶತಮಾನದ ಕೊನೆಯಿಂದ ಇಂದಿನವರೆಗೂ ಉಳಿದು, ಎರಡೂ ಪಂಥದವರು ಒಂದೇ ಸೂರಿನ ಕೆಳಗೆ ಪ್ರಾರ್ಥಿಸುತ್ತಾರೆ. ಅರಸರ ಹಟದಿಂದ ಹುಟ್ಟಿದ್ದನ್ನು ಊರಿನವರು ಬಾಳುವೆಯಾಗಿ ಮಾಡಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕೆಳಗೆ ಊರೊಳಗೆ ಸಂತ ಊನಳ ಹೆಸರಿನ ಒಂದು ಕಾರಂಜಿಯಿದ್ದು, ಆಕೆ ರೋಗಿಗಳ ಬಟ್ಟೆಗಳನ್ನು ಅಲ್ಲಿ ಒಗೆದುಕೊಡುತ್ತಿದ್ದಳೆಂದೂ, ಬೆಳೆ ಕೈಕೊಟ್ಟ ಒಂದು ವರ್ಷ ಆ ಕಾರಂಜಿಯಲ್ಲಿ ನೀರಿನ ಬದಲು ವೈನ್ ಹರಿಯಿತೆಂದೂ ಐತಿಹ್ಯವಿದೆ. ಊರ ಹೊರಗೆ 1976ರಲ್ಲಿ ಆರಂಭವಾದ ಕೊಕ್ಕರೆ ಸಂರಕ್ಷಣಾ ಕೇಂದ್ರವನ್ನೂ ನೋಡಬೇಕು. ಆ ದಶಕದಲ್ಲಿ ಇಡೀ ಅಲ್ಸಾಸ್‌ನಲ್ಲಿ ಬಿಳಿ ಕೊಕ್ಕರೆಯ ಜೋಡಿಗಳು ಹತ್ತಕ್ಕಿಂತ ಕಡಿಮೆ ಉಳಿದಿದ್ದವು. ಈಗ ಬಹುಪಾಲು ಊರುಗಳ ಚಾವಣಿಗಳ ಮೇಲೆ ಗೂಡುಗಳಿವೆ.

ರಿಕ್ವೀರ್ ಬಗ್ಗೆ ಎಲ್ಲರೂ ಬರೆದಿರುವುದರಿಂದ ಹೆಚ್ಚು ಹೇಳುವುದಿಲ್ಲ. 1291ರ ಡೋಲ್ಡರ್ ಗೋಪುರ, ಎರಡು ಸುತ್ತಿನ ಕೋಟೆ, ವೈನ್ ವ್ಯಾಪಾರದಿಂದ ಸಿರಿವಂತರಾದವರ ಕೆತ್ತನೆಯ ಮನೆಗಳು, ಎಲ್ಲವೂ ನಿಜಕ್ಕೂ ಸುಂದರ. ಮಧ್ಯಾಹ್ನ ಮಾತ್ರ ಬಸ್ಸುಗಳು ತಂದಿಳಿಸಿದ ಜನರಿಂದ ಬೀದಿ ಗಿಜಿಗುಡುತ್ತದೆ. ಸಂಜೆ ತಲುಪಿ ಅಲ್ಲೇ ರಾತ್ರಿ ತಂಗುವುದು ಮೇಲು.

ಅಲ್ಲಿಂದ ಮುಂದಿನ ದಾರಿಯನ್ನು ಮಾರ್ಗದರ್ಶಿ ಪುಸ್ತಕಗಳು ಅವಸರದಲ್ಲಿ ದಾಟಿಬಿಡುತ್ತವೆ, ಆದರೆ ನನ್ನ ದೃಷ್ಟಿಯಲ್ಲಿ ಈ ನಡಿಗೆಯ ತಿರುಳು ಇರುವುದು ಅಲ್ಲಿಯೇ. 1944ರ ನವೆಂಬರಿನಲ್ಲಿ ಸ್ಟ್ರಾಸ್‌ಬರ್ಗ್ ಬಿಡುಗಡೆಯಾದ ಮೇಲೂ ಜರ್ಮನ್ ಸೇನೆ ಕೋಲ್ಮಾರ್ ಸುತ್ತಲಿನ ನೆಲವನ್ನು ಬಿಟ್ಟುಕೊಡದೆ 1945ರ ಫೆಬ್ರವರಿಯವರೆಗೂ ಕಾದಾಡಿತು. ಡಿಸೆಂಬರಿನ ಆರಂಭದಲ್ಲಿ ಮಿತ್ರಪಡೆಗಳ ಕೈಸೇರಿದ ರಿಕ್ವೀರ್ ಮತ್ತು ಉನಾವೀರ್ ಬಹುಪಾಲು ಉಳಿದುಕೊಂಡವು. ಹೋರಾಟದ ಸಾಲು ಮುಂದೆ ಸರಿದು ನಿಂತದ್ದು ಮಿಟೆಲ್‌ವೀರ್, ಬೆನ್‌ವೀರ್, ಸಿಗೊಲ್ಸ್‌ಹೈಮ್‌ಗಳ ಮೇಲೆ. ವಾರಗಟ್ಟಲೆ ಫಿರಂಗಿ ದಾಳಿಗೆ ಸಿಕ್ಕ ಈ ಊರುಗಳು ನೆಲಸಮವಾದವು. ಇವುಗಳಲ್ಲೂ ಒಂದು ಕಾಲಕ್ಕೆ ರಿಕ್ವೀರ್‌ನಂಥ ಮನೆಗಳೇ ಇದ್ದವು. ಈಗ ಬೆನ್‌ವೀರ್‌ನಲ್ಲಿ ಅಗಲವಾದ ಬೀದಿಗಳು, ಸರಳ ಗಾರೆಯ ಮನೆಗಳು, ಉದ್ದನೆಯ ಬಣ್ಣದ ಗಾಜಿನ ಗೋಡೆಯಿರುವ ಆಧುನಿಕ ಚರ್ಚು ಇವೆ. ಆ ಚರ್ಚಿನೊಳಗೆ ಬಿಸಿಲು ಬೀಳುವ ಹೊತ್ತಿನಲ್ಲಿ ಕುಳಿತುಕೊಂಡವರು ಇದನ್ನು ಚೆಲುವಿಲ್ಲದ ಊರೆಂದು ಕರೆಯಲಾರರು. ನೆಲಮಾಳಿಗೆ, ಪೀಪಾಯಿ, ಹಿಂಡುವ ಯಂತ್ರಗಳನ್ನೆಲ್ಲ ಕಳೆದುಕೊಂಡ ಬೆಳೆಗಾರರು ಒಬ್ಬೊಬ್ಬರಾಗಿ ಮತ್ತೆ ಕಟ್ಟಿಕೊಳ್ಳಲಾಗದೆ, ಯುದ್ಧ ಮುಗಿದ ಬೆನ್ನಲ್ಲೇ ಸಹಕಾರಿ ಸಂಘಗಳನ್ನು ಮಾಡಿಕೊಂಡರು. ರಸ್ತೆಬದಿಯಲ್ಲಿ ಕಾಣುವ ದೊಡ್ಡ ದೊಡ್ಡ ವೈನ್ ಮಳಿಗೆಗಳ ಮೂಲ ಅದು. ಮಿಟೆಲ್‌ವೀರ್‌ನಲ್ಲಿ ಒಂದು ಗೋಡೆಯಿದೆ. ಜರ್ಮನರ ಆಳ್ವಿಕೆಯ ದಿನಗಳಲ್ಲಿ ಊರಿನವರು ಅಲ್ಲಿ ಫ್ರೆಂಚ್ ಧ್ವಜದ ನೀಲಿ, ಬಿಳಿ, ಕೆಂಪು ಬಣ್ಣದ ಹೂಗಳನ್ನು ಬೆಳೆಸಿದ್ದರು.

1871ರಿಂದ 1945ರವರೆಗಿನ ಮುಕ್ಕಾಲು ಶತಮಾನದಲ್ಲಿ ಅಲ್ಸಾಸ್ ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ನಾಲ್ಕು ಬಾರಿ ದೇಶ ಬದಲಿಸಿತು. 1942ರಿಂದ ಅಲ್ಸಾಸ್ ಮತ್ತು ನೆರೆಯ ಮೊಸೆಲ್ ಸೀಮೆಯ ಸುಮಾರು 1,30,000 ಜನರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಜರ್ಮನ್ ಸೇನೆಗೆ ಸೇರಿಸಲಾಯಿತು. ಸಿಗೊಲ್ಸ್‌ಹೈಮ್‌ನ ಮೇಲಿನ ಗುಡ್ಡದಲ್ಲಿ, ದ್ರಾಕ್ಷಿ ಸಾಲುಗಳ ನಡುವೆ, ಅಲ್ಸಾಸ್ ಅನ್ನು ಬಿಡಿಸಲು ಬಂದ ಫ್ರೆಂಚ್ ಸೇನೆಯ ಒಂದೂವರೆ ಸಾವಿರಕ್ಕೂ ಹೆಚ್ಚು ಸೈನಿಕರ ಸಮಾಧಿಗಳಿವೆ. ಶಿಲುಬೆಯ ಸಾಲುಗಳ ಜೊತೆಯಲ್ಲೇ ಉತ್ತರ ಆಫ್ರಿಕದಿಂದ ಬಂದು ಇಲ್ಲಿ ಮಡಿದ ಮುಸ್ಲಿಂ ಸೈನಿಕರ ಗೋರಿಗಳೂ, ಯಹೂದಿಗಳ ಗೋರಿಗಳೂ ಇವೆ. ಈ ಏರು ಮಾತ್ರ ಸ್ವಲ್ಪ ಕಡಿದು. ಅಮ್ಮನ ಜೊತೆ ನಿಧಾನವಾಗಿ ಹತ್ತಿದೆ. ಮೇಲಿನಿಂದ ಕೋಲ್ಮಾರ್‌ನ ಬಯಲು ಇಡಿಯಾಗಿ ಕಾಣುವುದರಿಂದ, ಈ ಗುಡ್ಡಕ್ಕಾಗಿ ಅಷ್ಟು ಜನ ಏಕೆ ಸತ್ತರು ಎಂಬುದು ನಕ್ಷೆಯಿಲ್ಲದೆ ಅರ್ಥವಾಗುತ್ತದೆ.

ಕೀನ್ಟ್ಸ್‌ಹೈಮ್ ಚಿಕ್ಕದು, ಶಾಂತವಾದದ್ದು. ಕೈಸರ್ಸ್‌ಬರ್ಗ್‌ನಲ್ಲಿ ವೈಸ್ ನದಿಗೆ 1514ರಲ್ಲಿ ಕಟ್ಟಿದ ಕಾವಲು ಸೇತುವೆಯೂ, ಅದರ ಮೇಲ್ಗಡೆ ದುಂಡು ಗೋಪುರದ ಪಾಳುಕೋಟೆಯೂ ಇವೆ. ಆಫ್ರಿಕದ ಲಂಬರೆನೆಯಲ್ಲಿ ಆಸ್ಪತ್ರೆ ಕಟ್ಟಿ, 1952ನೇ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಲ್ಬರ್ಟ್ ಶ್ವೈಟ್ಸರ್ 1875ರಲ್ಲಿ ಹುಟ್ಟಿದ್ದು ಇಲ್ಲೇ.

ಸಸ್ಯಾಹಾರಿಗಳು ಊಟದ ಬಗ್ಗೆ ತುಸು ಎಚ್ಚರ ವಹಿಸಬೇಕು. ತೆಳುವಾದ ಹಿಟ್ಟಿನ ಮೇಲೆ ಕೆನೆ ಮತ್ತು ಈರುಳ್ಳಿ ಹರಡಿ ಸುಡುವ ಟಾರ್ಟ್ ಫ್ಲಾಂಬೆಗೆ ಹಂದಿಮಾಂಸದ ಚೂರುಗಳನ್ನು ಹಾಕುವುದು ವಾಡಿಕೆ. ಮೊದಲೇ ಹೇಳಿದರೆ ಬಿಟ್ಟು ಮಾಡಿಕೊಡುತ್ತಾರೆ. ಮುನ್ಸ್ಟರ್ ಗಿಣ್ಣು, ಬ್ರೆಡ್ಡು, ಬಾದಾಮಿ ಮತ್ತು ಒಣದ್ರಾಕ್ಷಿ ಹಾಕಿದ ಕೂಗೆಲ್‌ಹಾಫ್ ಎಂಬ ಕೇಕು ಚೀಲದಲ್ಲಿದ್ದರೆ ದಾರಿಯಲ್ಲಿ ಯಾವ ಚಿಂತೆಯೂ ಇರುವುದಿಲ್ಲ. ಮೇ, ಜೂನ್ ತಿಂಗಳುಗಳೂ, ಎಲೆಗಳು ಹಳದಿಗೆ ತಿರುಗುವ ಅಕ್ಟೋಬರೂ ನಡೆಯಲು ಹಿತವಾದ ಕಾಲ. ಸ್ಟ್ರಾಸ್‌ಬರ್ಗ್‌ನಿಂದ ಕೋಲ್ಮಾರ್‌ಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ, ಅಲ್ಲಿಂದ ರಿಬೊವಿಲೆಗೆ ಬಸ್ಸು; ಮರಳುವಾಗ ಕೈಸರ್ಸ್‌ಬರ್ಗ್‌ನಿಂದ ಕೋಲ್ಮಾರ್‌ಗೂ ಬಸ್ಸಿದೆ. ಭಾನುವಾರ ಬಸ್ಸುಗಳು ವಿರಳವಾದ್ದರಿಂದ ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ಒಂದೇ ದಿನ ಕೈಯಲ್ಲಿದ್ದರೆ ರಿಕ್ವೀರ್‌ನಿಂದ ಆರಂಭಿಸಿ ದಕ್ಷಿಣದ ಅರ್ಧವನ್ನು ನಡೆಯಿರಿ. ಉನಾವೀರ್ ಕೈತಪ್ಪುವುದು ಬೇಸರದ ಸಂಗತಿಯೇ, ಆದರೆ ಯುದ್ಧದಲ್ಲಿ ಉಳಿದುಕೊಂಡ ಊರನ್ನೂ ಅಳಿದು ಮತ್ತೆ ಕಟ್ಟಿದ ಊರನ್ನೂ ಒಂದೇ ಬೆಳಗಿನಲ್ಲಿ ನೋಡಲು ಸಿಗುವುದು ಆ ಅರ್ಧದಲ್ಲಿ.